ಬೇಬಿ ಪೆಗ್ಗಿಯ ಗಂಭೀರ ಮುಖ

ಹಾಲಿವುಡ್ಡಿಗೆ ಮಾತು ಬರುವುದಕ್ಕೆ ಮೊದಲೇ ತನ್ನನ್ನು ತಾನು ಗೇಲಿ ಮಾಡಿಕೊಳ್ಳುವ ವಿದ್ಯೆ ಬಂದಿತ್ತು. 1914ರ ಒಂದು ಕಿರುಚಿತ್ರದಲ್ಲಿ ಚಾಪ್ಲಿನ್ ಮಾಡುವ ಕೆಲಸ ಒಂದೇ. ಮಕ್ಕಳ ಬಂಡಿ ಓಟವನ್ನು ಚಿತ್ರೀಕರಿಸಲು ಬಂದವರ ಕ್ಯಾಮೆರಾದ ಎದುರು ಬಂದು ನಿಲ್ಲುತ್ತಾನೆ, ನೂಕಿದರೆ ಮತ್ತೆ ಬರುತ್ತಾನೆ. ಪರದೆಯ ಮೇಲೆ ಮುಖ ಕಾಣಿಸಬೇಕೆಂಬ ಆಸೆಯೇ ಅಲ್ಲಿನ ಹಾಸ್ಯದ ವಸ್ತು. ಹತ್ತು ವರ್ಷ ಕಳೆಯುವುದರೊಳಗೆ ಈ ಗೇಲಿ ಇನ್ನಷ್ಟು ಬೆಳೆದು, ತಾರೆಯರ ಗತ್ತು, ನಿರ್ದೇಶಕರ ದರ್ಪ, ಪ್ರೇಮದೃಶ್ಯಗಳ ಅತಿರೇಕ ಎಲ್ಲವೂ ಎರಡು ರೀಲಿನ ಹಾಸ್ಯಚಿತ್ರಗಳಿಗೆ ಸರಕಾದವು. 1923ರ 'ಪೆಗ್ ಓ ದ ಮೂವೀಸ್' ಈ ಸಾಲಿಗೆ ಸೇರಿದ ಚಿತ್ರ. ಅದರಲ್ಲಿ ರುಡಾಲ್ಫ್ ವ್ಯಾಲೆಂಟಿನೋ ಮತ್ತು ಪೋಲಾ ನೆಗ್ರಿ ಎಂಬ ಅಂದಿನ ಇಬ್ಬರು ಮಹಾತಾರೆಯರನ್ನು ಅಣಕಿಸಿದವಳು ಬೇಬಿ ಪೆಗ್ಗಿ. 1918ರ ಅಕ್ಟೋಬರ್ 29ರಂದು ಹುಟ್ಟಿದ ಆ ಹುಡುಗಿ ನಮ್ಮಲ್ಲಾದರೆ ಅಂಗನವಾಡಿಗೆ ಹೋಗುವ ವಯಸ್ಸಿನವಳು.

ವ್ಯಾಲೆಂಟಿನೋನನ್ನು ಅಣಕಿಸುವುದು ಆಗ ಕಷ್ಟದ ಕೆಲಸವಾಗಿರಲಿಲ್ಲ. 1921ರ 'ದ ಶೇಖ್' ಬಂದ ಮೇಲೆ ಅವನ ಅರೆಮುಚ್ಚಿದ ಕಣ್ಣು, ಉಬ್ಬಿದ ಮೂಗಿನ ಹೊಳ್ಳೆ ಎಲ್ಲರಿಗೂ ಪರಿಚಿತವಾಗಿದ್ದವು. ಪೋಲೆಂಡಿನಲ್ಲಿ ಹುಟ್ಟಿ, ಜರ್ಮನಿಯ ಚಿತ್ರಗಳಲ್ಲಿ ಹೆಸರು ಮಾಡಿ, 1922ರಲ್ಲಿ ಅಮೆರಿಕಕ್ಕೆ ಬಂದ ಪೋಲಾ ನೆಗ್ರಿಯ ಪ್ರತಿಯೊಂದು ಹೆಜ್ಜೆಯೂ ಸುದ್ದಿಯಾಗುತ್ತಿತ್ತು. ಇಂಥವರ ಅತಿಯಾದ ಶೃಂಗಾರವನ್ನು ಇನ್ನೊಬ್ಬ ದೊಡ್ಡ ನಟ ಅಣಕಿಸಿದರೆ ಅದು ಸಾಮಾನ್ಯ ನಕಲು. ಶೃಂಗಾರವೆಂದರೇನೆಂದು ತಿಳಿಯದ ಮಗುವೊಂದು ಅದೇ ಭಂಗಿಯನ್ನು ಪಾಠ ಒಪ್ಪಿಸುವಷ್ಟು ಶಿಸ್ತಿನಿಂದ ಮಾಡಿ ತೋರಿಸಿದಾಗ ಮಾತ್ರ ಆ ಭಂಗಿಯ ಒಳಗೆ ಏನೂ ಇಲ್ಲವೆಂಬುದು ಬಯಲಾಗುತ್ತದೆ. ಬಾಲತಾರೆಯ ಅಣಕಕ್ಕೆ ಇರುವ ಹರಿತ ಇದು. ಆ ಹರಿತದ ಬೆಲೆಯನ್ನು ತೆತ್ತವರು ಯಾರು ಎಂಬುದು ನನ್ನ ಪ್ರಶ್ನೆ.

ಪೆಗ್ಗಿಯ ನಿಜವಾದ ಹೆಸರು ಪೆಗ್ಗಿ ಜೀನ್ ಮಾಂಟ್ಗೊಮೆರಿ. ತಂದೆ ಜ್ಯಾಕ್ ಮಾಂಟ್ಗೊಮೆರಿ ದನ ಕಾಯುವ ಕೌಬಾಯ್ ಆಗಿದ್ದವನು. ಹಾಲಿವುಡ್ಡಿನಲ್ಲಿ ಕುದುರೆ ಸವಾರಿಯ ಸಾಹಸ ಮಾಡುತ್ತ, ಟಾಮ್ ಮಿಕ್ಸ್‌ನಂಥ ನಾಯಕರ ಬದಲಿಗೆ ಬೀಳುತ್ತ ಏಳುತ್ತ ಹೊಟ್ಟೆ ಹೊರೆದವನು. ಹತ್ತೊಂಬತ್ತು ತಿಂಗಳ ಮಗುವನ್ನು ತಾಯಿ ಸನ್‌ಸೆಟ್ ಬುಲೆವಾರ್ಡಿನ ಸೆಂಚುರಿ ಸ್ಟುಡಿಯೊಗೆ ಕರೆದುಕೊಂಡು ಹೋಗಿದ್ದಾಗ, ಹೇಳಿದ್ದನ್ನು ತಕ್ಷಣ ಪಾಲಿಸುವ ಅದರ ಗುಣ ನಿರ್ದೇಶಕ ಫ್ರೆಡ್ ಫಿಶ್‌ಬ್ಯಾಕ್‌ನ ಕಣ್ಣಿಗೆ ಬಿತ್ತು. ಸ್ಟುಡಿಯೊದ ತಾರಾನಾಯಿ ಬ್ರೌನಿಯ ಜೊತೆಗೆ ಅವಳನ್ನು ಹಾಕಿ ಚಿತ್ರ ಮಾಡಿದರು. 1921ರ 'ಪ್ಲೇಮೇಟ್ಸ್' ಗೆದ್ದಿತು. ಅದೇ ವರ್ಷದ ಆರಂಭದಲ್ಲಿ ಚಾಪ್ಲಿನ್‌ನ 'ದ ಕಿಡ್' ತೆರೆಕಂಡು ಜಾಕಿ ಕೂಗನ್ ಎಂಬ ಹುಡುಗ ಜಗತ್ಪ್ರಸಿದ್ಧನಾಗಿದ್ದನು. ಸ್ಟುಡಿಯೊಗಳೆಲ್ಲ ಮಕ್ಕಳನ್ನು ಹುಡುಕುತ್ತಿದ್ದ ಕಾಲದಲ್ಲಿ ಪೆಗ್ಗಿ ಸಿಕ್ಕಿದ್ದು ಸೆಂಚುರಿಯವರ ಅದೃಷ್ಟ. (ಈ ಫಿಶ್‌ಬ್ಯಾಕ್, ಅದೇ 1921ರ ಸೆಪ್ಟೆಂಬರಿನಲ್ಲಿ ಹಾಸ್ಯನಟ ಫ್ಯಾಟಿ ಆರ್ಬಕಲ್‌ನ ಬದುಕನ್ನೇ ಮುಳುಗಿಸಿದ ಸ್ಯಾನ್ ಫ್ರಾನ್ಸಿಸ್ಕೊದ ಕುಖ್ಯಾತ ಪಾರ್ಟಿಗೆ ಅವನ ಜೊತೆಗೇ ಹೋಗಿದ್ದವನು. ಆಮೇಲೆ ಫ್ರೆಡ್ ಹಿಬಾರ್ಡ್ ಎಂಬ ಬೇರೆ ಹೆಸರಿನಲ್ಲಿ ಚಿತ್ರಗಳನ್ನು ನಿರ್ದೇಶಿಸಿದನು. ಮಕ್ಕಳ ನಿಷ್ಕಪಟ ನಗೆಯನ್ನು ಮಾರುತ್ತಿದ್ದ ಊರು ಎಂಥದ್ದೆಂದು ತಿಳಿಯಲು ಈ ಒಂದು ವಿವರ ಸಾಕು.)

1921ರಿಂದ 1924ರ ನಡುವೆ ಅವಳು ನಟಿಸಿದ ಕಿರುಚಿತ್ರಗಳು ಸುಮಾರು 150. ಅವುಗಳಲ್ಲಿ ದೊಡ್ಡವರ ಚಿತ್ರಗಳನ್ನು ಅಣಕಿಸಿದವು ಬಹಳ. ಉಳಿದುಕೊಂಡಿರುವ 'ಕಾರ್ಮೆನ್ ಜೂನಿಯರ್' ಅಂಥದ್ದು. ಫ್ರೆಂಚ್ ಸಂಗೀತಕಾರ ಬಿಜೆಯ ಆಪೆರಾದಿಂದ (ಗೀತನಾಟಕದಿಂದ) ಪ್ರಸಿದ್ಧಳಾದ ಕಾರ್ಮೆನ್ ಕಥೆಯನ್ನು 1915ರಲ್ಲಿಯೇ ಅಮೆರಿಕದವರು ಒಂದಕ್ಕಿಂತ ಹೆಚ್ಚು ಸಲ ಚಿತ್ರ ಮಾಡಿದ್ದರು, ಚಾಪ್ಲಿನ್ ಅದನ್ನು ಗೇಲಿ ಮಾಡಿಯಾಗಿತ್ತು, ಜರ್ಮನಿಯಲ್ಲಿ ಲುಬಿಚ್ ನಿರ್ದೇಶನದಲ್ಲಿ ಪೋಲಾ ನೆಗ್ರಿಯೇ ಕಾರ್ಮೆನ್ ಆಗಿದ್ದಳು. ಇಷ್ಟೆಲ್ಲ ಆದ ಮೇಲೆ ಅದೇ ಸ್ಪ್ಯಾನಿಷ್ ಉಡುಪನ್ನು ಮೊಣಕಾಲೆತ್ತರದ ಹುಡುಗಿಗೆ ತೊಡಿಸಿದರೆ, ಹಿಂದಿನ ಕಾರ್ಮೆನ್‌ಗಳೆಲ್ಲ ಒಟ್ಟಿಗೇ ನಗೆಪಾಟಲಾಗುತ್ತಾರೆ. 1924ರ 'ಪೆಗ್ ಓ ದ ಮೌಂಟೆಡ್' ಕೆನಡಾದ ಕುದುರೆ ಪೊಲೀಸರ ಸಾಹಸಚಿತ್ರಗಳ ಅಣಕ. ಅಲ್ಲಿ ಪೆಗ್ಗಿ ತನ್ನ ಅಳತೆಗೆ ಹೊಲಿಸಿದ ಸಮವಸ್ತ್ರ ತೊಟ್ಟು ಕಳ್ಳಭಟ್ಟಿಯವರನ್ನು ಹಿಡಿಯಲು ಹೊರಡುತ್ತಾಳೆ.

ಈ ಎರಡನೆಯ ಚಿತ್ರವನ್ನು ನಾನು ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ, ಹೊರಗೆ ಆಷಾಢದ ಮಳೆ ಹೊಡೆಯುತ್ತಿದ್ದಾಗ, ಲ್ಯಾಪ್‌ಟಾಪಿನಲ್ಲಿ ಅಕ್ಕನ ಮಗಳ ಜೊತೆ ಕುಳಿತು ನೋಡಿದೆ. ಅವಳಿಗೂ ಪೆಗ್ಗಿಯ ಆಸುಪಾಸಿನ ವಯಸ್ಸು. ಹಣೆಯ ಮೇಲೆ ನೇರವಾಗಿ ಕತ್ತರಿಸಿದ ಕಪ್ಪು ಕೂದಲು, ಅದರ ಕೆಳಗೆ ಮುಖದ ಅರ್ಧವನ್ನೇ ತುಂಬಿದಂತಿರುವ ಕಣ್ಣು, ದೊಡ್ಡವರ ನಡುವೆ ಸೊಂಟದ ಮಟ್ಟಕ್ಕೂ ಬಾರದ ಆಕೃತಿ. ಇವನ್ನು ನೋಡಿ ನಾನು ನಗುತ್ತಲೇ ಇದ್ದೆ, ಅವಳು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ಮಾವ, ಈ ಕೂಸು ಯಂತಕ್ಕೆ ನಗ್ತಿಲ್ಲೆ?"

ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತ್ತು. ಪೆಗ್ಗಿಯ ಹಾಸ್ಯವೆಲ್ಲ ನಿಂತಿರುವುದು ಅವಳು ನಗದೇ ಇರುವುದರ ಮೇಲೆ. ಮೂಕಿ ಯುಗದ ಹಾಸ್ಯನಟ ಬಸ್ಟರ್ ಕೀಟನ್‌ನ ಮುಖದಲ್ಲಿ ನಗು ಇಲ್ಲದಿರುವುದು ಅವನು ಬೇಕೆಂದೇ ರೂಢಿಸಿಕೊಂಡದ್ದು, ಮತ್ತು ಅವನಿಗೆ ಪ್ರೇಕ್ಷಕರು ಎಲ್ಲಿ ನಗುತ್ತಾರೆಂಬುದು ಚೆನ್ನಾಗಿ ಗೊತ್ತಿತ್ತು. ಐದು ವರ್ಷದ ಮಗು ಹಾಗೆ ಲೆಕ್ಕ ಹಾಕಲಾರದು. ಅದು ಕ್ಯಾಮೆರಾದ ಹಿಂದಿನಿಂದ ಬರುವ ಸೂಚನೆಯನ್ನು ತಪ್ಪದೆ ಪಾಲಿಸುತ್ತಿರುತ್ತದೆ: ಈಗ ತಿರುಗು, ಈಗ ಕೈ ಕಟ್ಟು, ಈಗ ಅಳು. ಮೂಕಿ ಚಿತ್ರವಾದ್ದರಿಂದ ಚಿತ್ರೀಕರಣ ನಡೆಯುತ್ತಿರುವಾಗಲೇ ಗಟ್ಟಿಯಾಗಿ ಆಜ್ಞೆ ಕೊಡಬಹುದಿತ್ತು, ಆ ಧ್ವನಿ ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ನಾವು ಪರದೆಯ ಮೇಲೆ ನೋಡುವ ಆ ಗಾಂಭೀರ್ಯದಲ್ಲಿ ನಟನೆ ಎಷ್ಟು, ಹೇಳಿದ್ದನ್ನು ಸರಿಯಾಗಿ ಮಾಡಬೇಕೆಂಬ ಗಮನ ಎಷ್ಟು ಎಂದು ಬಿಡಿಸಿ ಹೇಳುವುದು ಸಾಧ್ಯವಿಲ್ಲ. ನನ್ನ ಅಂದಾಜಿನಲ್ಲಿ ಎರಡನೆಯದೇ ಹೆಚ್ಚು. ಆ ಅಂದಾಜು ಬಂದ ಮೇಲೆ ಅದೇ ಚಿತ್ರವನ್ನು ಮೊದಲಿನ ಹಾಗೆ ನಕ್ಕು ನೋಡುವುದು ಕಷ್ಟವಾಯಿತು, ನಗು ಬರಲೇ ಇಲ್ಲವೆಂದೇನೂ ಅಲ್ಲ.

ಮಕ್ಕಳು ದೊಡ್ಡವರ ವೇಷ ಕಟ್ಟುವುದು ನಮ್ಮ ಜಿಲ್ಲೆಯವರಿಗೆ ಹೊಸ ಸಂಗತಿಯಲ್ಲ. ಬಡಗುತಿಟ್ಟಿನ ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿಗಳು, ಬಾಲಗೋಪಾಲರು ಬಂದು ಕುಣಿದು ಹೋಗುವುದೇ ಕಲಿಯುವ ಹುಡುಗರಿಗೆ ರಂಗದ ರೂಢಿಯಾಗಲಿ ಎಂದು. ಪ್ರಸಂಗ ಆರಂಭವಾಗುವ ಮೊದಲಿನ ಆ ಹೊತ್ತಿನಲ್ಲಿ ತಾಳ ತಪ್ಪಿದರೂ ಯಾರೂ ಬೇಸರಿಸುವುದಿಲ್ಲ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಕಟ್ಟಿದ ಕಲಾಕೇಂದ್ರದಿಂದ ಹಿಡಿದು ಹಳ್ಳಿಯ ಮಕ್ಕಳ ಮೇಳದವರೆಗೆ, ಚೌಕಿಯಲ್ಲಿ ಹುಡುಗನೊಬ್ಬ ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು, ಸೊಂಟದ ಪಟ್ಟಿಯನ್ನು ಉಸಿರು ಬಿಗಿಹಿಡಿದು ಕಟ್ಟಿಸಿಕೊಂಡು ಕುಳಿತಿರುವುದನ್ನು ಕಂಡವರಿಗೆ ಆ ಗಂಭೀರ ಮುಖ ಗುರುತು ಸಿಗುತ್ತದೆ. ಆದರೆ ಅಲ್ಲಿ ಹುಡುಗ ಅಭಿಮನ್ಯುವಾದರೆ ಅಭಿಮನ್ಯುವೇ ಆಗಬೇಕು. ಅವನ ಚಿಕ್ಕ ಗಾತ್ರವನ್ನು ಕಂಡು ಪ್ರೇಕ್ಷಕರು ನಗುವುದು ಮೇಳದವರ ಉದ್ದೇಶವಲ್ಲ. ಆಟ ಮುಗಿದರೆ ಮರುದಿನ ಅವನಿಗೆ ಶಾಲೆ ಇರುತ್ತದೆ. ಸೆಂಚುರಿ ಸ್ಟುಡಿಯೊ ಮಾರುತ್ತಿದ್ದದ್ದು ಮಾತ್ರ ಆ ಗಾತ್ರವನ್ನೇ, ಮತ್ತು ಮಗು ಬೆಳೆದಂತೆ ಕರಗುವ ಸರಕು ಅದು. ಆದ್ದರಿಂದಲೇ ಅವರಿಗೆ ಅಷ್ಟು ಅವಸರ.

ಅವಸರವೆಂದರೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ದುಡಿಮೆ. ಸಾಹಸದೃಶ್ಯಗಳಲ್ಲಿ ಅವಳ ಬದಲಿಗೆ ಬೀಳುವವರು ಯಾರೂ ಇರಲಿಲ್ಲ. ಬದಲಿಯಾಗಿ ಬಿದ್ದು ಬದುಕಿದ ತಂದೆಯ ಮಗಳಿಗೆ ಈ ಗತಿ. 'ಸೀ ಶೋರ್ ಶೇಪ್ಸ್' ಚಿತ್ರಕ್ಕಾಗಿ ಪ್ರಜ್ಞೆ ತಪ್ಪುವವರೆಗೆ ಅವಳನ್ನು ಸಮುದ್ರದ ನೀರಿನಲ್ಲಿ ಮುಳುಗಿಸಿ ಹಿಡಿದಿದ್ದರು. 'ಮೈಲ್ಸ್ ಆಫ್ ಸ್ಮೈಲ್ಸ್' ಚಿತ್ರದಲ್ಲಿ ರೈಲುಡಬ್ಬಿಯ ಅಡಿಯಲ್ಲಿ ಅವಳನ್ನು ಸಾಗಿಸಿದರು. 'ದ ಡಾರ್ಲಿಂಗ್ ಆಫ್ ನ್ಯೂಯಾರ್ಕ್' ಎಂಬ ಪೂರ್ಣಪ್ರಮಾಣದ ಚಿತ್ರದಲ್ಲಿ ಬೆಂಕಿ ಹತ್ತಿದ ಕೋಣೆಯಿಂದ ಒಬ್ಬಳೇ ತಪ್ಪಿಸಿಕೊಂಡು ಹೊರಬರಬೇಕಿತ್ತು. ಶಾಲೆಯ ಮಾತು ಯಾರ ಬಾಯಲ್ಲಿಯೂ ಬರಲಿಲ್ಲ. ಮಗುವಿಗೆ ವಿಧೇಯತೆ ಕಲಿಸಿದ್ದೇನೆಂಬ ಹೆಮ್ಮೆ ತಂದೆಗಿತ್ತು, ಮತ್ತು ಮನೆಯ ಸಂಸಾರ ಆ ವಿಧೇಯತೆಯ ಮೇಲೆ ನಡೆಯುತ್ತಿತ್ತು.

ಹಣದ ಕಥೆಯನ್ನು ಚಿತ್ರಕಥೆಯಾಗಿ ಬರೆದಿದ್ದರೆ ಅತಿಯಾಯಿತೆಂದು ನಿರ್ಮಾಪಕರೇ ಕತ್ತರಿಸುತ್ತಿದ್ದರೇನೋ. 1922ರಲ್ಲಿ ಅವಳಿಗೆ ಬಂದ ಅಭಿಮಾನಿಗಳ ಪತ್ರಗಳು 12 ಲಕ್ಷಕ್ಕೂ ಹೆಚ್ಚು. ಅವಳ ರೂಪದ ಗೊಂಬೆಗಳು ಅಂಗಡಿಗಳಲ್ಲಿ ಮಾರಾಟವಾದವು. ವರ್ಷಕ್ಕೆ 15 ಲಕ್ಷ ಡಾಲರಿನ ಕರಾರಿನಿಂದಾಗಿ 'ಮಿಲಿಯನ್ ಡಾಲರ್ ಬೇಬಿ' ಎಂಬ ಬಿರುದೂ ಬಂತು. 1924ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನಕ್ಕೆ ಅವಳೇ ಶುಭಸೂಚಕ ಬಾಲೆ. ಕಾರು, ಬಂಗಲೆ, ಬಟ್ಟೆಗಳಿಗೆ ನೀರಿನಂತೆ ಹಣ ಹರಿಯಿತು, ವ್ಯವಹಾರ ನೋಡಿಕೊಳ್ಳುತ್ತಿದ್ದವರು ಕೈಗೆ ಬಂದಷ್ಟು ಬಾಚಿದರು, ಮಗುವಿನ ಹೆಸರಿನಲ್ಲಿ ಮಾತ್ರ ಯಾರೂ ಏನನ್ನೂ ಕಟ್ಟಿಡಲಿಲ್ಲ. 1925ರಲ್ಲಿ ಸಂಬಳದ ವಿಷಯವಾಗಿ ತಂದೆಗೂ ನಿರ್ಮಾಪಕ ಸಾಲ್ ಲೆಸರ್‌ಗೂ ಜಗಳವಾಗಿ ಕರಾರು ಮುರಿಯಿತು. ಆಮೇಲೆ ಹಾಲಿವುಡ್ಡಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಆರೇಳು ವರ್ಷದ ಹುಡುಗಿ ನಿವೃತ್ತ ತಾರೆಯಾದಳು. ಹಾಡು, ಕುಣಿತ, ಹಾಸ್ಯದ ತುಣುಕುಗಳ ವಾಡೆವಿಲ್ ರಂಗಭೂಮಿಯಲ್ಲಿ ಊರೂರು ತಿರುಗಿ ಕುಣಿದು ಹಾಡಿ ಮತ್ತೆ ಮನೆ ನಡೆಸಿದಳು. ಆಗ ದಿನಕ್ಕೆ 300 ಡಾಲರ್ ಬರುತ್ತಿದ್ದರೂ ಅವಳ ಕೈಗೆ ಸಿಗುತ್ತಿದ್ದದ್ದು ಆಟವೊಂದಕ್ಕೆ ಐದು ಸೆಂಟಿನ ಒಂದು ನಾಣ್ಯ. 1930ರ ದಶಕದಲ್ಲಿ ಅದೇ ಹಾಲಿವುಡ್ಡಿಗೆ ಮರಳಿ ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಕೆಲಸ ಮಾಡಿದಳು. 1924ರಲ್ಲಿ ಅವಳು ನಾಯಕಿಯಾಗಿದ್ದ 'ಕ್ಯಾಪ್ಟನ್ ಜನವರಿ' 1936ರಲ್ಲಿ ಶರ್ಲಿ ಟೆಂಪಲ್‌ಗಾಗಿ ಮತ್ತೆ ತಯಾರಾಯಿತು.

ಶರ್ಲಿ ಟೆಂಪಲ್ ಕೂಡ ಅಣಕದಿಂದಲೇ ಆರಂಭಿಸಿದವಳು. ಚಿತ್ರಗಳಿಗೆ ಮಾತು ಬಂದ ಮೇಲೆ, 1930ರ ದಶಕದ ಮೊದಲ ವರ್ಷಗಳಲ್ಲಿ, 'ಬೇಬಿ ಬರ್ಲೆಸ್ಕ್ಸ್' ಎಂಬ ಕಿರುಚಿತ್ರಮಾಲೆ ಬಂತು. ಅದರಲ್ಲಿ ಮೂರು ನಾಲ್ಕು ವರ್ಷದ ಮಕ್ಕಳು ಮೇಲೆ ದೊಡ್ಡವರ ಉಡುಪು, ಕೆಳಗೆ ದೊಡ್ಡ ಪಿನ್ನು ಚುಚ್ಚಿದ ಲಂಗೋಟಿ ತೊಟ್ಟು ದೊಡ್ಡವರ ಚಿತ್ರಗಳನ್ನು ಅಭಿನಯಿಸಿದರು. 'ಕಿಡ್ ಇನ್ ಹಾಲಿವುಡ್' ಚಿತ್ರೋದ್ಯಮವನ್ನೇ ಗೇಲಿ ಮಾಡಿತು. ಅಲ್ಲಿ ಶರ್ಲಿಯದು ಮಾರ್ಲೀನ್ ಡೀಟ್ರಿಕ್‌ಳ ಅಣಕ. ಪೆಗ್ಗಿಯ ಚಿತ್ರಗಳಲ್ಲಿ ಇಂದಿಗೂ ಉಳಿದಿರುವ ಚಂದ ಇವುಗಳಲ್ಲಿ ಇಲ್ಲ. ಮಕ್ಕಳಿಂದ ವೇಶ್ಯೆಯರ, ಬಾರ್ ನರ್ತಕಿಯರ ಭಂಗಿ ಮಾಡಿಸಿರುವುದನ್ನು ನೋಡಿದರೆ ಹೇಸಿಗೆಯಾಗುತ್ತದೆ. ಹೇಳಿದ ಮಾತು ಕೇಳದ ಮಕ್ಕಳನ್ನು ಮಂಜುಗಡ್ಡೆ ಇಟ್ಟ ಕತ್ತಲ ಪೆಟ್ಟಿಗೆಯಲ್ಲಿ ಕೂಡಿಹಾಕುತ್ತಿದ್ದರೆಂದು ಶರ್ಲಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ. ಚಿತ್ರೋದ್ಯಮದ ದುಷ್ಟತನವನ್ನು ಗೇಲಿ ಮಾಡುವ ಚಿತ್ರವನ್ನು ಅದೇ ದುಷ್ಟತನದಿಂದ ತಯಾರಿಸುವುದು ಹೇಗೆಂದು ತಿಳಿಯಬೇಕಾದರೆ ಇದನ್ನು ನೋಡಬೇಕು.

ನಮ್ಮ ದೇಶದ ಮೂಕಿ ಯುಗದಲ್ಲಿಯೂ ತಂದೆಯ ಮಾತಿನಂತೆ ನಟಿಸಿದ ಮಕ್ಕಳಿದ್ದರು. 1913ರ 'ರಾಜಾ ಹರಿಶ್ಚಂದ್ರ'ದಲ್ಲಿ ಫಾಲ್ಕೆಯವರ ಮಗ ಭಾಲಚಂದ್ರ ರೋಹಿತಾಶ್ವನಾದನು. 1919ರ 'ಕಾಲಿಯ ಮರ್ದನ'ದಲ್ಲಿ ಮಗಳು ಮಂದಾಕಿನಿ ಬಾಲಕೃಷ್ಣಳಾದಳು. ಆ ಚಿತ್ರದ ಆರಂಭ ಬಹಳ ವಿಶೇಷವಾದದ್ದು. ಕಥೆ ತೊಡಗುವ ಮೊದಲು ಫಾಲ್ಕೆ ಮಗಳ ಮುಖವನ್ನಷ್ಟೇ ತೆರೆಯ ತುಂಬ ತೋರಿಸುತ್ತಾರೆ. ಅವಳು ಒಂದೊಂದಾಗಿ ಭಾವಗಳನ್ನು ಮಾಡಿ ತೋರಿಸುತ್ತಾಳೆ, ಬಳಿಕ ಅದೇ ಮುಖ ಕರಗಿ ಕೃಷ್ಣನ ವೇಷವಾಗುತ್ತದೆ. ದೇವರ ಕಥೆ ಹೇಳುವ ಮೊದಲು ಇದು ಏಳು ವರ್ಷದ ನನ್ನ ಮಗಳು, ಇದು ಅವಳ ಕಸುಬು ಎಂದು ಪ್ರೇಕ್ಷಕರ ಮುಂದಿಟ್ಟ ಹಾಗೆ. ಅಣಕವಲ್ಲದಿದ್ದರೂ ಸಿನಿಮಾ ತನ್ನ ಒಳಗುಟ್ಟನ್ನು ತಾನೇ ತೋರಿಸಿಕೊಂಡ ನಮ್ಮ ಮೊದಲ ನಿದರ್ಶನಗಳಲ್ಲಿ ಇದನ್ನು ಸೇರಿಸಬಹುದು. ಸೆಂಚುರಿಯ ಯಾವ ಹಾಸ್ಯಚಿತ್ರಕ್ಕಿಂತಲೂ ಈ ಒಂದೆರಡು ನಿಮಿಷ ನನಗೆ ಹೆಚ್ಚು ಮೆಚ್ಚುಗೆಯಾಗಲು ಕಾರಣ, ಅಲ್ಲಿ ಮಗುವಿಗೆ ತಾನು ಏನು ಮಾಡುತ್ತಿದ್ದೇನೆಂಬುದು ಗೊತ್ತಿರುವುದು ಕಣ್ಣಿಗೆ ಕಾಣುತ್ತದೆ.

ಕಾನೂನು ಬಂದದ್ದು ತಡವಾಗಿ, ಅದೂ ಪೆಗ್ಗಿಯಿಂದಲ್ಲ, ಜಾಕಿ ಕೂಗನ್‌ನಿಂದ. ಲಕ್ಷಾಂತರ ಡಾಲರ್ ದುಡಿದಿದ್ದ ಅವನು ಪ್ರಾಯಕ್ಕೆ ಬಂದು ತನ್ನ ಹಣ ಕೇಳಿದಾಗ ಅದರಲ್ಲಿ ಬಹುಪಾಲು ಉಳಿದಿರಲಿಲ್ಲ. 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿ ಅವನು ಪಡೆದದ್ದು 1,26,000 ಡಾಲರ್. ಆ ಗಲಾಟೆಯ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯನ್ನು ಕಾಯುವ ಕಾಯ್ದೆ ಬಂತು. ಅದನ್ನು ಇಂದಿಗೂ ಕೂಗನ್ ಕಾಯ್ದೆಯೆಂದೇ ಕರೆಯುತ್ತಾರೆ. ನಮ್ಮಲ್ಲಿ 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯ್ದೆ ಮಕ್ಕಳು ಕಲಾವಿದರಾಗಿ ದುಡಿಯಲು ಷರತ್ತಿನ ಮೇಲೆ ಅವಕಾಶ ಕೊಟ್ಟಿತು. ಮರುವರ್ಷದ ನಿಯಮಗಳ ಪ್ರಕಾರ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಸತತವಾಗಿ 27 ದಿನ ಮೀರುವಂತಿಲ್ಲ. ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ಗಳಿಕೆಯಲ್ಲಿ ಕನಿಷ್ಠ 20 ಶೇಕಡಾ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಕಾಗದದ ಮೇಲೆ ಇದು ಪೆಗ್ಗಿಯ ಕಾಲಕ್ಕಿಂತ ಎಷ್ಟೋ ಮೇಲು. ಆದರೆ ಮೊಬೈಲು ಹಿಡಿದ ಅಪ್ಪನೇ ನಿರ್ಮಾಪಕ, ನಿರ್ದೇಶಕ, ವ್ಯವಸ್ಥಾಪಕ ಎಲ್ಲವೂ ಆಗಿರುವ ಮನೆಯಲ್ಲಿ, ಶಾಲೆಯಿಂದ ಬಂದ ಮಗು ಸಿನಿಮಾ ನಾಯಕಿಯ ಸೊಂಟದ ಕುಣಿತವನ್ನು ಹತ್ತನೆಯ ಸಲ ಮಾಡಿ ತೋರಿಸುತ್ತಿರುವಾಗ ಐದು ಗಂಟೆಯನ್ನು ಎಣಿಸುವವರು ಯಾರು? ಅಂಥ ರೀಲ್ಸುಗಳನ್ನು ನೋಡಿ ನಾನೂ ನಕ್ಕವನೇ. ಈಗ ಅಂಥದ್ದು ಕಣ್ಣಿಗೆ ಬಿದ್ದರೆ ಮಗುವಿನ ದೃಷ್ಟಿ ಮೊಬೈಲಿನ ಹಿಂದಿರುವ ಯಾರ ಕಡೆಗೆ ಹೋಗುತ್ತಿದೆ ಎಂದು ಮೊದಲು ನೋಡುತ್ತೇನೆ.

ಪೆಗ್ಗಿಯ ಚಿತ್ರಗಳಲ್ಲಿ ಬಹುಪಾಲು ಉಳಿದಿಲ್ಲ. ಸೆಂಚುರಿ ಸ್ಟುಡಿಯೊ 1926ರಲ್ಲಿ ಸುಟ್ಟುಹೋಯಿತು; ಅಂದಿನ ನೈಟ್ರೇಟ್ ಫಿಲ್ಮಿಗೆ ಒಂದು ಕಿಡಿ ಸಾಕು. ಉಳಿದದ್ದು ಅವಳು. ಬೇಬಿ ಪೆಗ್ಗಿ ಎಂಬ ಹೆಸರನ್ನು ಕಳಚಿ ಡಯಾನಾ ಸೆರಾ ಕ್ಯಾರಿ ಆದ ಆಕೆ ಚಲನಚಿತ್ರ ಇತಿಹಾಸದ ಬರಹಗಾರ್ತಿಯಾದರು. ತಂದೆಯಂಥ ಕೌಬಾಯ್ ಸಾಹಸಿಗರ ಬಗ್ಗೆ, ಹಾಲಿವುಡ್ಡಿನ ಬಾಲತಾರೆಯರ ಬಗ್ಗೆ, ಕೊನೆಗೆ ತನ್ನ ಬಗ್ಗೆಯೇ ಪುಸ್ತಕ ಬರೆದರು, ಜಾಕಿ ಕೂಗನ್‌ನ ಜೀವನಚರಿತ್ರೆಯನ್ನೂ ಬರೆದರು. ಬಾಲನಟರ ಹಕ್ಕುಗಳ ಪರವಾಗಿ ಬಹಳ ಕಾಲ ಮಾತನಾಡಿದರು. 2020ರ ಫೆಬ್ರವರಿ 24ರಂದು, 101ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನೋಡಬೇಕೆನ್ನುವವರು 'ಕಾರ್ಮೆನ್ ಜೂನಿಯರ್'ನಿಂದ ಆರಂಭಿಸಿ, ಆಮೇಲೆ 'ಪೆಗ್ ಓ ದ ಮೌಂಟೆಡ್' ನೋಡಿ. ಕಥೆ ಬಲವಾಗಿರುವುದನ್ನು ಬಯಸುವವರಿಗೆ 'ಕ್ಯಾಪ್ಟನ್ ಜನವರಿ' ಇದೆ, ಅಲ್ಲಿ ದೀಪಸ್ತಂಭದ ಮುದುಕನ ಜೊತೆಗಿನ ದೃಶ್ಯಗಳಲ್ಲಿ ಅವಳು ನಿಜವಾಗಿಯೂ ನಟಿಸುತ್ತಾಳೆ. ಚಿಕ್ಕ ಮಕ್ಕಳ ಜೊತೆ ನೋಡುವುದಾದರೆ ನಡುನಡುವೆ ಬರುವ ಅಕ್ಷರದ ಫಲಕಗಳನ್ನು ಕನ್ನಡದಲ್ಲಿ ಓದಿ ಹೇಳುವವರೊಬ್ಬರು ಪಕ್ಕದಲ್ಲಿ ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿದೆ, ಮತ್ತು ಫಲಕದಲ್ಲಿ ಇಲ್ಲದ್ದನ್ನು ಸೇರಿಸಿ ಹೇಳುತ್ತೇನೆಂಬ ದೂರು ಈಗಾಗಲೇ ಅಕ್ಕನವರೆಗೆ ಹೋಗಿದೆ.